ಹೆಪಟೈಟಿಸ್ ಸಿ: ಮಾದಕವಸ್ತು ಚುಚ್ಚಿಕೊಳ್ಳುವವರಲ್ಲಿ ಚಿಕಿತ್ಸೆ ಮತ್ತು ದಣಿವು

ಹೆಪಟೈಟಿಸ್ ಸಿ ಎಂಬುದು ರಕ್ತದಿಂದ ರಕ್ತಕ್ಕೆ ದಾಟುವ ವೈರಸ್ಸಿನಿಂದ ಯಕೃತ್ತಿಗೆ, ಅಂದರೆ ಲಿವರ್‌ಗೆ, ಬರುವ ಉರಿಯೂತ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಸುಮಾರು 5 ಕೋಟಿ ಜನರಲ್ಲಿ ಇದು ದೀರ್ಘಕಾಲದ ಸೋಂಕಾಗಿ ನೆಲೆಸಿದೆ. ಭಾರತದಲ್ಲಿ 2022ರ ಲೆಕ್ಕಕ್ಕೆ ಅಂಥವರು ಸುಮಾರು 55 ಲಕ್ಷ. ಮಾದಕವಸ್ತುವನ್ನು ಸೂಜಿಯಿಂದ ಚುಚ್ಚಿಕೊಳ್ಳುವವರಲ್ಲಿ ಈ ಸೋಂಕಿನ ಪ್ರಮಾಣ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಸೋಂಕಿತರು ಸಾಮಾನ್ಯವಾಗಿ ಹೇಳಿಕೊಳ್ಳುವ ತೊಂದರೆ ಹೊಟ್ಟೆನೋವೂ ಅಲ್ಲ, ಕಾಮಾಲೆಯೂ ಅಲ್ಲ; ದಣಿವು. ಈಗಿನ ಮಾತ್ರೆಗಳು ಬಹುತೇಕರಲ್ಲಿ 12 ವಾರಗಳಲ್ಲಿ ವೈರಸ್ಸನ್ನು ಮೈಯಿಂದ ತೊಡೆದುಹಾಕುತ್ತವೆ. ದಣಿವೂ ಅದರ ಬೆನ್ನಿಗೇ ಹೋಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಈ ಲೇಖನದ ಬಹುಭಾಗ ಆ ಪ್ರಶ್ನೆಯ ಸುತ್ತಲೇ ಇದೆ.

ವೈರಸ್ಸು

1970ರ ದಶಕದಲ್ಲಿ ಅಮೆರಿಕದ ಹಾರ್ವೆ ಆಲ್ಟರ್ ಮತ್ತು ಸಂಗಡಿಗರು, ರಕ್ತ ಹಾಕಿಸಿಕೊಂಡ ರೋಗಿಗಳಿಗೆ ಬರುತ್ತಿದ್ದ ಹೆಪಟೈಟಿಸ್‌ಗೆ ಎ ವೈರಸ್ಸೂ ಕಾರಣವಲ್ಲ, ಬಿ ವೈರಸ್ಸೂ ಕಾರಣವಲ್ಲ ಎಂದು ತೋರಿಸಿದರು. ಮುಂದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕಾಯಿಲೆಗೆ ‘ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್’ ಎಂಬುದೇ ಹೆಸರಾಗಿತ್ತು. 1989ರಲ್ಲಿ ಕೈರಾನ್ ಕಂಪನಿಯ ಮೈಕೆಲ್ ಹೌಟನ್, ಕ್ವಿ-ಲಿಮ್ ಚೂ, ಜಾರ್ಜ್ ಕುವೊ ಮತ್ತು ಅವರ ಜೊತೆ ಕೆಲಸ ಮಾಡಿದ ಡೇನಿಯಲ್ ಬ್ರ್ಯಾಡ್ಲಿ ವೈರಸ್ಸನ್ನು ಅದರ ವಂಶಧಾತುವಿನ ತುಣುಕಿನಿಂದ ಗುರುತಿಸಿದರು. ಆಲ್ಟರ್, ಹೌಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ 2020ರ ವೈದ್ಯಕೀಯ ನೊಬೆಲ್ ಸಂದಿತು. ಇದು ಆರ್‌ಎನ್‌ಎ ವೈರಸ್. ತನ್ನ ಪ್ರತಿ ತೆಗೆಯುವಾಗ ತಪ್ಪುಗಳನ್ನು ಮಾಡುತ್ತ, ಆ ತಪ್ಪುಗಳಿಂದಲೇ ವೇಷ ಬದಲಿಸಿಕೊಳ್ಳುತ್ತ ಹೋಗುತ್ತದೆ. ಇದಕ್ಕೆ ಇನ್ನೂ ಲಸಿಕೆ ಬಾರದಿರಲು ಇದೊಂದು ದೊಡ್ಡ ಕಾರಣ. ಇದರಲ್ಲಿ ಎಂಟು ಜೀನೋಟೈಪುಗಳು, ಅಂದರೆ ವಂಶಧಾತುವಿನ ಬಗೆಗಳು, ಇವೆ; ಭಾರತದಲ್ಲಿ ಮೂರನೆಯದು ಹೆಚ್ಚು, ಈಶಾನ್ಯ ರಾಜ್ಯಗಳಲ್ಲಿ ಆರನೆಯದೂ ಕಾಣುತ್ತದೆ.

ಸೋಂಕು ತಗುಲಿದವರಲ್ಲಿ 100ಕ್ಕೆ 15ರಿಂದ 45 ಮಂದಿ ಆರು ತಿಂಗಳೊಳಗೆ ತಾವಾಗಿಯೇ ವೈರಸ್ಸನ್ನು ಕಳೆದುಕೊಳ್ಳುತ್ತಾರೆ. ಉಳಿದವರಲ್ಲಿ ಅದು ಸದ್ದಿಲ್ಲದೆ ಉಳಿದು, 20 ವರ್ಷಗಳಲ್ಲಿ 100ಕ್ಕೆ 15ರಿಂದ 30 ಮಂದಿಯ ಯಕೃತ್ತನ್ನು ಗಟ್ಟಿಯಾಗಿಸಿ ಸಿರೋಸಿಸ್‌ಗೆ ತರುತ್ತದೆ. ನಮ್ಮ ಹಳ್ಳಿಗಳಲ್ಲಿ ಕಣ್ಣು ಹಳದಿಯಾದರೆ ಮನೆಯವರು ಅದೇ ದಿನ ಕಾಮಾಲೆಗೆ ನಾಟಿ ಮದ್ದು ಕೊಡುವವರ ಬಳಿ ಓಡುತ್ತಾರೆ. ಆ ಮದ್ದಿನ ಗುಣದ ಮಾತು ಹಾಗಿರಲಿ, ಯಕೃತ್ತಿನ ಮೇಲೆ ಜನರ ಕಣ್ಣಂತೂ ಇದೆ. ಹೆಪಟೈಟಿಸ್ ಸಿ ಬಹುತೇಕ ಕಣ್ಣನ್ನು ಹಳದಿ ಮಾಡುವುದೇ ಇಲ್ಲ. ಹಾಗಾಗಿ ಅದು ಆ ಎಚ್ಚರದಿಂದಲೂ ತಪ್ಪಿಸಿಕೊಳ್ಳುತ್ತದೆ.

ಸೂಜಿಯಿಂದ ಸೂಜಿಗೆ

ಮಾದಕವಸ್ತುವಿನ ಮಾತ್ರೆ ಅಥವಾ ಪುಡಿಯನ್ನು ಚಮಚದಲ್ಲೋ ಬಾಟಲಿಯ ಮುಚ್ಚಳದಲ್ಲೋ ಹಾಕಿ, ನೀರು ಬೆರೆಸಿ, ಹತ್ತಿಯ ಉಂಡೆಯ ಮೂಲಕ ಸಿರಿಂಜಿಗೆ ಎಳೆದುಕೊಳ್ಳುತ್ತಾರೆ. ಸೂಜಿ ರಕ್ತನಾಳಕ್ಕೆ ಹೊಕ್ಕಿತೇ ಎಂದು ನೋಡಲು ಪಿಸ್ಟನ್ನನ್ನು ಕೊಂಚ ಹಿಂದಕ್ಕೆಳೆದಾಗ ಸಿರಿಂಜಿನೊಳಗೆ ರಕ್ತ ಬರುತ್ತದೆ. ಪೂರ್ತಿ ಒತ್ತಿದ ಮೇಲೂ ಸೂಜಿ ಮತ್ತು ನಳಿಕೆ ಸೇರುವ ಸಂದಿಯಲ್ಲಿ ಒಂದಿಷ್ಟು ಉಳಿಯುತ್ತದೆ. ಸೂಜಿಯನ್ನು ಕಳಚಿ ಬದಲಿಸುವ ಸಿರಿಂಜುಗಳಲ್ಲಿ ಈ ಸಂದಿ ದೊಡ್ಡದು. ಅಂಥ ಸಿರಿಂಜಿನೊಳಗೆ ಕೋಣೆಯ ಉಷ್ಣತೆಯಲ್ಲಿ ವೈರಸ್ಸು 63 ದಿನಗಳವರೆಗೆ ಜೀವಂತವಿರಬಲ್ಲದು ಎಂದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಸಿರಿಂಜು ಹಂಚಿಕೊಳ್ಳದವರಿಗೂ ಸೋಂಕು ಬರುವುದುಂಟು. ಚಮಚ, ಹತ್ತಿ, ನೀರು ಹಂಚಿಕೊಂಡರೂ ಸಾಕು. ‘ನಾನು ಯಾರ ಸೂಜಿಯನ್ನೂ ಮುಟ್ಟಿಲ್ಲ’ ಎಂದು ಹೇಳುವವರು ಸುಳ್ಳಾಡುತ್ತಿದ್ದಾರೆ ಎಂದು ಭಾವಿಸುವುದು ಎಷ್ಟೋ ಸಲ ತಪ್ಪು.

ಭಾರತದ 15 ನಗರಗಳಲ್ಲಿ 14 ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚುಚ್ಚಿಕೊಳ್ಳುವವರ ಪೈಕಿ 100ಕ್ಕೆ ಸುಮಾರು 37 ಮಂದಿಯಲ್ಲಿ ಹೆಪಟೈಟಿಸ್ ಸಿ ಪ್ರತಿಕಾಯ ಸಿಕ್ಕಿತು. ತಮಗೆ ಸೋಂಕಿದೆ ಎಂದು ಗೊತ್ತಿದ್ದವರು ತೀರ ಕಡಿಮೆ.

ಆರದ ದಣಿವು

ಕನ್ನಡದಲ್ಲಿ ದಣಿವು ಆರುತ್ತದೆ. ಹೊಲದಿಂದ ಬಂದವರು ಜಗಲಿಯಲ್ಲಿ ಕೂತು ದಣಿವಾರಿಸಿಕೊಳ್ಳುತ್ತಾರೆ. ಒಂದು ಲೋಟ ಮಜ್ಜಿಗೆ, ಅರ್ಧ ಗಂಟೆ ನೆರಳು ಸಿಕ್ಕರೆ ಮೈ ಹಗುರಾಗುತ್ತದೆ. ಹೆಪಟೈಟಿಸ್ ಸಿ ಇರುವವರು ಹೇಳುವ ದಣಿವು ಆರುವ ಜಾತಿಯದಲ್ಲ. ದುಡಿಯದೆಯೂ ಬರುತ್ತದೆ, ಮಲಗಿ ಎದ್ದರೂ ಇರುತ್ತದೆ. ನಮ್ಮ ಜನ ಇದನ್ನು ಸುಸ್ತು ಎನ್ನುತ್ತಾರೆ, ನಿತ್ರಾಣ ಎನ್ನುತ್ತಾರೆ, ಕೈಕಾಲು ಸೋಲುತ್ತದೆ ಎನ್ನುತ್ತಾರೆ. ವೈದ್ಯರ ಚೀಟಿಯಲ್ಲಿ ಇವೆಲ್ಲ ‘ವೀಕ್‌ನೆಸ್’ ಎಂಬ ಒಂದೇ ಪದವಾಗಿ, ಅದಕ್ಕೊಂದು ವಿಟಮಿನ್ ಮಾತ್ರೆ ಬರೆದಲ್ಲಿಗೆ ಮುಗಿಯುತ್ತದೆ. ಮಾದಕವಸ್ತು ಬಳಸುವವರಾದರೆ ಆ ಮಾತ್ರೆಯೂ ಸಿಗುವುದಿಲ್ಲ. ‘ನಶೆಯ ಸುಸ್ತು’ ಎಂದು ಕಳಿಸಿಬಿಡುತ್ತಾರೆ.

ಈ ದಣಿವಿಗೆ ನಶೆಯೊಂದೇ ಕಾರಣವಲ್ಲ ಎನ್ನಲು ಬಲವಾದ ಸಾಕ್ಷ್ಯ ಐರ್ಲೆಂಡಿನದು. 1977 ಮತ್ತು 1978ರಲ್ಲಿ ಅಲ್ಲಿ ಬಾಣಂತಿಯರಿಗೆ ಕೊಟ್ಟ ಆ್ಯಂಟಿ-ಡಿ ಚುಚ್ಚುಮದ್ದಿನಲ್ಲಿ ಹೆಪಟೈಟಿಸ್ ಸಿ ವೈರಸ್ಸು ಸೇರಿಕೊಂಡಿತ್ತು. ತಾಯಿಯ ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆದಾಗ ಕೊಡುವ ಮದ್ದು ಅದು. ವಿಷಯ ಹೊರಬಿದ್ದದ್ದು 1994ರಲ್ಲಿ. ಸೋಂಕಾಗಿ ಸುಮಾರು 17 ವರ್ಷಗಳಾಗಿದ್ದ 376 ಮಹಿಳೆಯರ ಸ್ಥಿತಿಯನ್ನು 1999ರಲ್ಲಿ ವರದಿ ಮಾಡಿದಾಗ ಸಿರೋಸಿಸ್ ಇದ್ದವರು 100ಕ್ಕೆ ಇಬ್ಬರು ಮಾತ್ರ. ದಣಿವು ಇದೆ ಎಂದವರು 100ಕ್ಕೆ 66. ಇವರು ಹೆರಿಗೆಯ ಮಂಚದ ಮೇಲೆ ಒಂದು ಚುಚ್ಚುಮದ್ದು ಪಡೆದ ತಾಯಂದಿರು. ಯಕೃತ್ತಿಗೆ ಆದ ಹಾನಿ ಚಿಕ್ಕದು, ದಣಿವು ದೊಡ್ಡದು. ಮುಂದಿನ ಅನೇಕ ಅಧ್ಯಯನಗಳಲ್ಲೂ ದಣಿವಿನ ತೀವ್ರತೆಗೂ ಯಕೃತ್ತು ಗಟ್ಟಿಯಾದ ಮಟ್ಟಕ್ಕೂ ಗಟ್ಟಿ ನಂಟು ಕಾಣಲಿಲ್ಲ.

ಹಾಗಾದರೆ ಅದು ಎಲ್ಲಿಂದ ಬರುತ್ತದೆ? 2001ರಲ್ಲಿ ಲಂಡನ್ನಿನ ಸಂಶೋಧಕರು, ಯಕೃತ್ತಿನ ತೊಂದರೆ ಹಗುರವಾಗಿದ್ದ ರೋಗಿಗಳ ಮಿದುಳನ್ನು ಎಂಆರ್ ಸ್ಪೆಕ್ಟ್ರೋಸ್ಕೋಪಿಯಿಂದ ನೋಡಿದಾಗ ಕೋಲಿನ್ ಅಂಶ ಹೆಚ್ಚಿದ್ದುದನ್ನು ಕಂಡರು. ಮಿದುಳಿನಲ್ಲೂ ಏನೋ ನಡೆದಿದೆ ಎಂಬುದಕ್ಕೆ ಅದು ಸುಳಿವು. ಸೋಂಕಿಗೆ ಎದುರಾಗಿ ದೇಹ ಹರಿಸುವ ಸೈಟೊಕೈನ್ ರಸಾಯನಗಳು ವರ್ಷಗಟ್ಟಲೆ ನಿಲ್ಲದೆ ಹರಿಯುವುದು ಇನ್ನೊಂದು ವಿವರಣೆ. ಫ್ಲೂ ಜ್ವರದ ಎರಡನೆಯ ದಿನ ಮೈ ಹೇಗಿರುತ್ತದೋ ಅದರ ಸಣ್ಣ ರೂಪ ದಿನವೂ ಇದ್ದಂತೆ. ಖಿನ್ನತೆಯ ಪಾಲೂ ಇದೆ. ಮೆಲ್ಬರ್ನ್‌ನಲ್ಲಿ ನಡೆದ ಸಣ್ಣ ಅಧ್ಯಯನವೊಂದು ಮತ್ತೊಂದು ಮಗ್ಗುಲನ್ನು ತೋರಿಸಿತು. ಸೋಂಕಿದೆ ಎಂದು ತಿಳಿದಿದ್ದವರ ಜೀವನದ ಗುಣಮಟ್ಟ, ಸೋಂಕಿದ್ದೂ ಅದು ಗೊತ್ತಿಲ್ಲದವರಿಗಿಂತ ಕೆಳಗಿತ್ತು. ರೋಗದ ಹೆಸರು ಕಿವಿಗೆ ಬಿದ್ದದ್ದೇ ಒಂದು ಭಾರ.

ಚುಚ್ಚಿಕೊಳ್ಳುವವರಲ್ಲಿ ಇದರ ಮೇಲೆ ಇನ್ನಷ್ಟು ಪದರಗಳು ಕೂಡುತ್ತವೆ. ಹೆರಾಯಿನ್‌ನಂಥ ಓಪಿಯಾಯ್ಡ್‌ಗಳು ದೀರ್ಘಕಾಲದಲ್ಲಿ ಟೆಸ್ಟೊಸ್ಟಿರಾನ್ ಹಾರ್ಮೋನನ್ನು ತಗ್ಗಿಸುತ್ತವೆ. ಅದರ ಮೊದಲ ಗುರುತುಗಳಲ್ಲಿ ದಣಿವೂ ಒಂದು. ವಸ್ತು ಸಿಗದ ದಿನ ನಿದ್ದೆಯಿಲ್ಲ, ಮೈಕೈ ಮುರಿತ. ಸಿಕ್ಕ ದಿನ ತೂಕಡಿಕೆ. ಅರೆಹೊಟ್ಟೆ, ರಕ್ತಹೀನತೆ, ಎಚ್‌ಐವಿ, ಕ್ಷಯ, ಮದ್ಯ, ಮಲಗಲು ಖಚಿತ ಜಾಗವಿಲ್ಲದಿರುವುದು, ಇವುಗಳಲ್ಲಿ ಯಾವುದೊಂದೂ ಮನುಷ್ಯನನ್ನು ಸೋಲಿಸಬಲ್ಲದು. ಚುಚ್ಚಿಕೊಳ್ಳುವ ವಸ್ತುವಿನ ಜಾಗದಲ್ಲಿ ಬದಲಿ ಚಿಕಿತ್ಸೆಯಾಗಿ ಕೊಡುವ ಮೆಥಡೋನ್ ಮತ್ತು ಬುಪ್ರೆನಾರ್ಫಿನ್ ಕೂಡ ಕೆಲವರಿಗೆ ಮಂಪರು ತರುತ್ತವೆ. ಮಂಪರೂ ದಣಿವೂ ಬೇರೆ ಬೇರೆ: ಮಂಪರಿನಲ್ಲಿ ರೆಪ್ಪೆ ಮುಚ್ಚುತ್ತದೆ, ದಣಿವಿನಲ್ಲಿ ಕಣ್ಣು ಬಿಟ್ಟುಕೊಂಡೇ ಎದ್ದು ಹೋಗಿ ನೀರು ಕುಡಿಯಲಾಗುವುದಿಲ್ಲ. ರೋಗಿಗೆ ಈ ಭೇದ ಗೊತ್ತಿರುತ್ತದೆ. ಕೇಳುವವರಿದ್ದರೆ ಹೇಳುತ್ತಾರೆ.

ಅಳತೆಗೆ ಹೆಚ್ಚು ಬಳಕೆಯಲ್ಲಿರುವುದು ಲಾರೆನ್ ಕ್ರಪ್ ಮತ್ತು ಸಂಗಡಿಗರು 1989ರಲ್ಲಿ ರೂಪಿಸಿದ ದಣಿವಿನ ತೀವ್ರತೆಯ ಮಾಪಕ. ಇದರಲ್ಲಿ ಒಂಬತ್ತು ಹೇಳಿಕೆಗಳು. ಪ್ರತಿಯೊಂದಕ್ಕೂ ಒಂದರಿಂದ ಏಳರವರೆಗೆ ಅಂಕ. ಸರಾಸರಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚಾದರೆ ದಣಿವು ತೀವ್ರ ಎಂದು ಎಣಿಸುವುದು ವಾಡಿಕೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಲೂಪಸ್ ರೋಗಿಗಳಿಗಾಗಿ ಹುಟ್ಟಿದ ಮಾಪಕವಿದು. ಕೆಲಸಕ್ಕೆ, ಸಂಸಾರಕ್ಕೆ, ಜನರೊಡನೆ ಬೆರೆಯುವುದಕ್ಕೆ ದಣಿವು ಅಡ್ಡಿಯಾಗುತ್ತದೆಯೇ ಎಂದು ಕೇಳುತ್ತದೆ. ಕೆಲಸ ಹೋಗಿ, ಮನೆಯವರು ದೂರಮಾಡಿ, ಬಸ್ ನಿಲ್ದಾಣದಲ್ಲಿ ಮಲಗುವವರು ಈ ಸಾಲಿಗೆ ಎಷ್ಟು ಅಂಕ ಕೊಡಬೇಕು? ಸಂಖ್ಯೆ ಬೇಕು, ನಿಜ. ಆದರೆ ಈ ಜನರ ಮಟ್ಟಿಗೆ ಸಂಖ್ಯೆಯ ಜೊತೆಗೆ ‘ನಿನ್ನೆ ಬೆಳಗ್ಗೆ ಎದ್ದ ಮೇಲೆ ಏನೇನು ಮಾಡಿದಿರಿ’ ಎಂಬ ಸರಳ ಪ್ರಶ್ನೆಯೂ ಇರಲೇಬೇಕು.

ಇಂಟರ್‌ಫೆರಾನ್ ಕಾಲ

ಸುಮಾರು ಎರಡು ದಶಕ ಇದ್ದ ಚಿಕಿತ್ಸೆಯೇ ದಣಿವಿನ ಕಾರ್ಖಾನೆಯಾಗಿತ್ತು. 24 ಅಥವಾ 48 ವಾರ ಇಂಟರ್‌ಫೆರಾನ್ ಚುಚ್ಚುಮದ್ದು, ಜೊತೆಗೆ ದಿನವೂ ರೈಬವಿರಿನ್ ಗುಳಿಗೆ. ಇಂಟರ್‌ಫೆರಾನ್ ಜ್ವರ, ಖಿನ್ನತೆ, ಥೈರಾಯ್ಡ್ ಏರುಪೇರು ತರುತ್ತಿತ್ತು. ರೈಬವಿರಿನ್ ಕೆಂಪು ರಕ್ತಕಣಗಳನ್ನು ಒಡೆಯುತ್ತಿತ್ತು. ಇಷ್ಟಾಗಿಯೂ ಜೀನೋಟೈಪ್ 1 ಇದ್ದವರಲ್ಲಿ ಅರ್ಧದಷ್ಟು ಮಂದಿಗೆ ಗುಣವಾಗುತ್ತಿರಲಿಲ್ಲ. ಸೂಜಿ ಬಿಡಲು ಹೆಣಗುತ್ತಿರುವವರ ಕೈಗೆ ವಾರವಾರವೂ ಸೂಜಿ ಕೊಡುವ ಚಿಕಿತ್ಸೆ ಅದು.

1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಸೇರಿಸಿದ ತಜ್ಞರ ಸಮಿತಿ, ಮಾದಕವಸ್ತು ಬಳಸುತ್ತಿರುವವರು ಆರು ತಿಂಗಳು ಬಿಟ್ಟಿದ್ದ ಮೇಲಷ್ಟೇ ಚಿಕಿತ್ಸೆ ಎಂದಿತು. 2002ರಲ್ಲಿ ಆ ಮಾತನ್ನು ಸಡಿಲಿಸಿ, ಒಬ್ಬೊಬ್ಬರ ಸ್ಥಿತಿ ನೋಡಿ ತೀರ್ಮಾನಿಸಬೇಕು ಎಂದರು. ಕಾಗದದ ಮೇಲೆ ಹೋದ ನಿಯಮ ಆಸ್ಪತ್ರೆಗಳ ಅಭ್ಯಾಸದಿಂದ ಬೇಗ ಹೋಗಲಿಲ್ಲ. ‘ಮೊದಲು ಬಿಟ್ಟು ಬಾ’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದು ವೈದ್ಯಶಾಸ್ತ್ರದ ಮಾತಲ್ಲ.

ಮಾತ್ರೆಗಳು

2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೊಫೊಸ್‌ಬುವಿರ್‌ಗೆ ಮಂಜೂರಾತಿ ಸಿಕ್ಕಿತು. ಅದನ್ನು ರೂಪಿಸಿದ ರಸಾಯನಶಾಸ್ತ್ರಜ್ಞ ಮೈಕೆಲ್ ಸೋಫಿಯಾ ಅವರ ಹೆಸರೇ ಮದ್ದಿನೊಳಗೆ ಕೂತಿದೆ. ಈ ವರ್ಗದ ಔಷಧಗಳು ವೈರಸ್ಸು ತನ್ನ ಪ್ರತಿ ತೆಗೆಯಲು ಬಳಸುವ ಪ್ರೋಟೀನುಗಳನ್ನೇ ಹಿಡಿದು ನಿಲ್ಲಿಸುತ್ತವೆ. ‘ಬುವಿರ್’ ಎಂದು ಕೊನೆಯಾಗುವವು ಪಾಲಿಮರೇಸನ್ನು, ‘ಆಸ್ವಿರ್’ ಎಂಬವು ಎನ್‌ಎಸ್5ಎ ಪ್ರೋಟೀನನ್ನು, ‘ಪ್ರೆವಿರ್’ ಎಂಬವು ಪ್ರೋಟಿಯೇಸನ್ನು ತಡೆಯುತ್ತವೆ. ಎರಡು ವರ್ಗದವನ್ನು ಜೋಡಿಸಿ ಕೊಟ್ಟರೆ 100ಕ್ಕೆ 95ರ ಆಸುಪಾಸಿನಲ್ಲಿ ಗುಣ. ಔಷಧ ನಿಲ್ಲಿಸಿ 12 ವಾರಗಳಾದ ಮೇಲೂ ರಕ್ತದಲ್ಲಿ ವೈರಸ್ಸು ಕಾಣದಿದ್ದರೆ ಗುಣವಾಯಿತೆಂದು ಲೆಕ್ಕ.

ಅಮೆರಿಕದಲ್ಲಿ ಆಗ ಒಂದು ಮಾತ್ರೆಗೆ 1,000 ಡಾಲರ್, 84 ಮಾತ್ರೆಗೆ 84,000. 2014ರ ಸೆಪ್ಟೆಂಬರಿನಲ್ಲಿ ಗಿಲಿಯಡ್ ಕಂಪನಿ ಭಾರತದ ಏಳು ತಯಾರಕರಿಗೆ ಜೆನೆರಿಕ್ ಪರವಾನಗಿ ಕೊಟ್ಟ ಮೇಲೆ ಇಲ್ಲಿ ಬೆಲೆ ನೆಲಕ್ಕಿಳಿಯಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮದ್ದು ಎರಡೂ ಉಚಿತ. ಆ ಕಾರ್ಯಕ್ರಮದಡಿ ಸಿರೋಸಿಸ್ ಇಲ್ಲದವರಿಗೆ ಸೊಫೊಸ್‌ಬುವಿರ್ 400 ಮಿ.ಗ್ರಾಂ ಮತ್ತು ಡಕ್ಲಾಟಾಸ್ವಿರ್ 60 ಮಿ.ಗ್ರಾಂ, 12 ವಾರ. ಸಿರೋಸಿಸ್ ಇದ್ದರೆ ಡಕ್ಲಾಟಾಸ್ವಿರ್ ಬದಲು ವೆಲ್ಪಾಟಾಸ್ವಿರ್. ಯಕೃತ್ತು ಪೂರ್ತಿ ಸೋತಿದ್ದರೆ ರೈಬವಿರಿನ್ ಕೂಡ. ಇವು ಮೆಥಡೋನ್, ಬುಪ್ರೆನಾರ್ಫಿನ್ ಜೊತೆ ಜಗಳವಾಡುವುದಿಲ್ಲ. ಆದರೆ ಕ್ಷಯದ ರಿಫಾಂಪಿಸಿನ್ ಜೊತೆ ಸಲ್ಲವು. ಹೆಪಟೈಟಿಸ್ ಬಿ ಒಳಗೆ ಮಲಗಿದ್ದರೆ ಅದು ಎಚ್ಚೆತ್ತೀತು, ಆದ್ದರಿಂದ ಮೊದಲೇ ಅದಕ್ಕೂ ಪರೀಕ್ಷೆ ಮಾಡುತ್ತಾರೆ.

ಚುಚ್ಚಿಕೊಳ್ಳುವವರು ಮಾತ್ರೆಯನ್ನು ಸರಿಯಾಗಿ ನುಂಗುತ್ತಾರೆಯೇ ಎಂಬ ಸಂದೇಹಕ್ಕೆ ಉತ್ತರ ಬಂದು ವರ್ಷಗಳಾದವು. ಇತ್ತೀಚಿನವರೆಗೂ ಚುಚ್ಚಿಕೊಳ್ಳುತ್ತಿದ್ದ 103 ಮಂದಿಗೆ ಚಿಕಿತ್ಸೆ ಕೊಟ್ಟ ‘ಸಿಂಪ್ಲಿಫೈ’ ಅಧ್ಯಯನದಲ್ಲಿ 100ಕ್ಕೆ 94 ಮಂದಿ ಗುಣವಾದರು. ನಡುವೆ ಕೆಲವು ದಿನದ ಮಾತ್ರೆ ತಪ್ಪಿದವರೂ ಅವರಲ್ಲಿದ್ದರು. ನಾರ್ವೆಯ ಬರ್ಗನ್ ಮತ್ತು ಸ್ಟಾವಾಂಗರ್‌ನಲ್ಲಿ 2017ರಿಂದ 2019ರ ನಡುವೆ ರೋಗಿಗಳನ್ನು ಸೇರಿಸಿಕೊಂಡ ‘ಇಂಟ್ರೊ-ಎಚ್‌ಸಿವಿ’ ಪ್ರಯೋಗ ಇನ್ನೊಂದು ಬಗೆಯ ಪ್ರಶ್ನೆ ಕೇಳಿತು: ರೋಗಿ ಆಸ್ಪತ್ರೆಗೆ ಹೋಗುವ ಬದಲು, ದಿನವೂ ಬದಲಿ ಮದ್ದು ಪಡೆಯುವ ಕೇಂದ್ರದಲ್ಲೇ ಹೆಪಟೈಟಿಸ್ ಮಾತ್ರೆಯೂ ಸಿಕ್ಕರೆ? ಹಾಗೆ ಕೊಟ್ಟಾಗ ಚಿಕಿತ್ಸೆ ಆರಂಭಿಸಿದವರ ಸಂಖ್ಯೆ ಸ್ಪಷ್ಟವಾಗಿ ಹೆಚ್ಚಿತು, ಕಾಯುವ ಕಾಲವೂ ತಗ್ಗಿತು. ಆ ಪ್ರಯೋಗದಲ್ಲಿ ಗಮನಿಸಬೇಕಾದ್ದೆಂದರೆ, ವೈರಸ್ಸಿನ ಜೊತೆಗೆ ದಣಿವನ್ನೂ ಅಳೆಯಲು ಮೊದಲೇ ಯೋಜಿಸಿದ್ದರು. ದಣಿದವರಿಗೆ ಆಸ್ಪತ್ರೆಯ ಮೆಟ್ಟಿಲು, ಸರದಿ ಸಾಲು, ಇನ್ನೊಂದು ದಿನ ಬರಲು ಹೇಳುವ ಕೌಂಟರ್ ಎಷ್ಟು ದೂರ ಎಂಬುದನ್ನು ಅರಿತವರು ಮಾತ್ರ ಹೀಗೆ ಯೋಚಿಸಬಲ್ಲರು.

ಗುಣವಾದ ಮೇಲೆ

ಮಾತ್ರೆ ತಿನ್ನುವಾಗ ದಣಿವು ಹೆಚ್ಚಾಗುತ್ತದೆ ಎಂಬ ಅಂಜಿಕೆ ಹಲವರಿಗೆ ಇಂಟರ್‌ಫೆರಾನ್ ಕಾಲದಿಂದ ಉಳಿದಿದೆ. ಸೊಫೊಸ್‌ಬುವಿರ್ ಮತ್ತು ವೆಲ್ಪಾಟಾಸ್ವಿರ್ ಜೋಡಿಯನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟವಾದ ‘ಆಸ್ಟ್ರಲ್-1’ ಅಧ್ಯಯನದಲ್ಲಿ ಔಷಧ ಪಡೆದವರಲ್ಲಿ 100ಕ್ಕೆ 20 ಮಂದಿ ದಣಿವು ಎಂದರು. ಔಷಧವೇ ಇಲ್ಲದ ಹುಸಿಮಾತ್ರೆ ಪಡೆದವರಲ್ಲೂ 20. ಮಾತ್ರೆಯ ಮೇಲೆ ಹೊರಿಸಿದ ದಣಿವಿನಲ್ಲಿ ಎಷ್ಟು ಪಾಲು ರೋಗದ್ದು, ಬದುಕಿನದು ಎಂಬುದನ್ನು ಈ ಎರಡು ಅಂಕಿಗಳು ಹೇಳುತ್ತವೆ.

ವೈರಸ್ಸು ಹೋದ ಮೇಲೆ ದಣಿವು ಸರಾಸರಿಯಲ್ಲಿ ಇಳಿಯುತ್ತದೆ. ಕೆಲವರಿಗೆ ಎರಡನೆಯ ತಿಂಗಳಿಗೇ ಮೋಡ ಸರಿದಂತಾಗುತ್ತದೆ. ಇನ್ನು ಕೆಲವರಿಗೆ ಏನೂ ಬದಲಾಗುವುದಿಲ್ಲ. ಖಿನ್ನತೆ, ನಿದ್ರಾಹೀನತೆ, ಸಿರೋಸಿಸ್ ಮೊದಲೇ ಇದ್ದವರಲ್ಲಿ ದಣಿವು ಉಳಿಯುವುದು ಹೆಚ್ಚು. ಚುಚ್ಚಿಕೊಳ್ಳುವವರಲ್ಲಿ ಇಂಥವರು ಬಹಳ. ‘ವೈರಸ್ಸು ಹೋದರೆ ಸುಸ್ತೂ ಹೋಗುತ್ತದೆ’ ಎಂದು ಮಾತು ಕೊಟ್ಟು ಚಿಕಿತ್ಸೆಗೆ ಒಪ್ಪಿಸುವುದು ಈ ಕಾರಣಕ್ಕೆ ತಪ್ಪು. ಮೂರು ತಿಂಗಳು ನಂಬಿ ಮಾತ್ರೆ ತಿಂದವರು ಅದೇ ಭಾರದ ಮೈಯಲ್ಲಿ ಎದ್ದಾಗ, ತಮಗೆ ಗುಣವೇ ಆಗಿಲ್ಲ ಎಂದುಕೊಳ್ಳುತ್ತಾರೆ. ಚಿಕಿತ್ಸೆ ಕೊಡಲು ಸಿರೋಸಿಸ್ ಮತ್ತು ಯಕೃತ್ತಿನ ಕ್ಯಾನ್ಸರ್ ತಪ್ಪಿಸುವುದು, ಇನ್ನೊಬ್ಬರಿಗೆ ಸೋಂಕು ದಾಟದಂತೆ ಮಾಡುವುದು ಸಾಕಷ್ಟು ದೊಡ್ಡ ಕಾರಣಗಳು. ದಣಿವನ್ನು ಪ್ರತ್ಯೇಕವಾಗಿ ವಿಚಾರಿಸಬೇಕು: ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಗಂಡಸರಲ್ಲಿ ಟೆಸ್ಟೊಸ್ಟಿರಾನ್ ನೋಡಬೇಕು, ಬದಲಿ ಮದ್ದಿನ ಪ್ರಮಾಣ ಸರಿಯಿದೆಯೇ, ರಾತ್ರಿ ಎಲ್ಲಿ ಮಲಗುತ್ತಾರೆ, ಏನು ಉಣ್ಣುತ್ತಾರೆ ಎಂದು ಕೇಳಬೇಕು.

ಗುಣವಾದವರಿಗೂ ಸೋಂಕು ಮತ್ತೆ ಬರಬಹುದು. ಒಮ್ಮೆ ಬಂದುಹೋದದ್ದು ರಕ್ಷಣೆಯಾಗುವುದಿಲ್ಲ. ಚುಚ್ಚಿಕೊಳ್ಳುವುದನ್ನು ಮುಂದುವರಿಸುವವರಲ್ಲಿ ಮರುಸೋಂಕು ವರ್ಷಕ್ಕೆ 100ಕ್ಕೆ ಸುಮಾರು ಆರು, ಬದಲಿ ಚಿಕಿತ್ಸೆಯಲ್ಲಿರುವವರಲ್ಲಿ ಅದಕ್ಕಿಂತ ಕಡಿಮೆ. ಹಾಗೆ ಬಂದರೆ ಮತ್ತೆ ಚಿಕಿತ್ಸೆ ಕೊಡುವುದೇ ದಾರಿ. ಹೊಸ ಸೂಜಿ, ಸಿರಿಂಜು ಸಿಗುವಂತೆ ಮಾಡುವುದು ಅದರ ಜೊತೆಗಿನ ಕೆಲಸ. 2030ರ ಹೊತ್ತಿಗೆ ಒಬ್ಬರಿಗೆ ವರ್ಷಕ್ಕೆ 300 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ.

ಭಾರತ, ಕರ್ನಾಟಕ

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ದೇಶದಲ್ಲಿ ಮಾದಕವಸ್ತು ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ ಎಂದು ಅಂದಾಜಿಸಿತು. ಮಣಿಪುರ, ಮಿಜೋರಾಂ, ನಾಗಾಲ್ಯಾಂಡ್, ಪಂಜಾಬ್‌ಗಳ ಹೆಸರು ಎಲ್ಲರಿಗೂ ಗೊತ್ತು. ಸಂಖ್ಯೆ ಹೆಚ್ಚಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವನ್ನೂ ಆ ಸಮೀಕ್ಷೆ ಹೆಸರಿಸಿದ್ದನ್ನು ನಾವು ಅಷ್ಟಾಗಿ ಗಮನಿಸಿದಂತಿಲ್ಲ. ಬೆಂಗಳೂರಿನಲ್ಲಿ ಹೆರಾಯಿನ್‌ಗಿಂತ ಹೆಚ್ಚಾಗಿ ಟಪೆಂಟಡಾಲ್‌ನಂಥ ನೋವಿನ ಮಾತ್ರೆಗಳನ್ನು ಪುಡಿಮಾಡಿ, ನೀರಿನಲ್ಲಿ ಕದಡಿ ಚುಚ್ಚಿಕೊಳ್ಳುವ ಯುವಕರನ್ನು ಮನೋವೈದ್ಯರು ಕಾಣುತ್ತಿದ್ದಾರೆ. ಅಲ್ಲಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ಬದಲಿ ಚಿಕಿತ್ಸೆಯ ಕೇಂದ್ರದಲ್ಲಿ ಬೆಳಗ್ಗೆ ನಡೆಯುವುದಿಷ್ಟು: ನರ್ಸು ಬುಪ್ರೆನಾರ್ಫಿನ್ ಮಾತ್ರೆಯನ್ನು ಪುಡಿಮಾಡಿ ನಾಲಿಗೆಯ ಕೆಳಗೆ ಹಾಕುತ್ತಾರೆ. ಅದು ಕರಗುವ ತನಕ ಬಾಯಿ ಮುಚ್ಚಿ ಬೆಂಚಿನ ಮೇಲೆ ಕೂರಬೇಕು, ಮಾತಾಡುವಂತಿಲ್ಲ. ಆಮೇಲೆ ಬಾಯಿ ತೆರೆದು ತೋರಿಸಿ ಹೊರಡಬೇಕು. ಮಾದಕವಸ್ತು ಬಿಡಲು ಹೊರಟ ಮನುಷ್ಯ ದಿನಕ್ಕೊಮ್ಮೆ ಖಚಿತವಾಗಿ ಬಂದು ಕೂರುವ ಜಾಗ ಈ ಬೆಂಚು. ಹೆಪಟೈಟಿಸ್ ಪರೀಕ್ಷೆಗೆ ಬೆರಳ ತುದಿಯ ರಕ್ತ ತೆಗೆಯಲು, 84 ದಿನದ ಮಾತ್ರೆ ಕೊಡಲು, ಸುಸ್ತು ಹೇಗಿದೆ ಎಂದು ಕೇಳಲು ಇದಕ್ಕಿಂತ ತಕ್ಕ ಸ್ಥಳ ಬೇರೊಂದಿಲ್ಲ.

ಇನ್ನೊಂದು ವಿಷಯವನ್ನು ರೋಗಿಗೆ ಬಿಡಿಸಿ ಹೇಳಬೇಕು. ವೈರಸ್ಸು ಪೂರ್ತಿ ಹೋದ ಮೇಲೂ ರಕ್ತದಲ್ಲಿ ಪ್ರತಿಕಾಯ ವರ್ಷಗಟ್ಟಲೆ, ಎಷ್ಟೋ ಸಲ ಬದುಕಿರುವವರೆಗೂ ಉಳಿಯುತ್ತದೆ. ಮುಂದೆ ಆಪರೇಷನ್‌ಗೋ ಕೆಲಸಕ್ಕೋ ಹೋದಾಗ ಮಾಡುವ ಸಾಮಾನ್ಯ ಪರೀಕ್ಷೆ ‘ಪಾಸಿಟಿವ್’ ಎಂದೇ ಬರುತ್ತದೆ, ಮತ್ತೆ ದೂರ ಕೂರಿಸುತ್ತಾರೆ. ವೈರಸ್ಸು ಇದೆಯೋ ಇಲ್ಲವೋ ಎಂದು ಹೇಳುವುದು ಆರ್‌ಎನ್‌ಎ ಪರೀಕ್ಷೆ. ಚಿಕಿತ್ಸೆ ಮುಗಿದು 12 ವಾರಕ್ಕೆ ಬರುವ ಆ ವರದಿಯ ಪ್ರತಿಯೊಂದನ್ನು ರೋಗಿಯ ಕೈಗೆ ಕೊಟ್ಟು, ಇನ್ನೊಂದನ್ನು ಕೇಂದ್ರದ ಕಡತದಲ್ಲಿ ಇಡಬೇಕು. ಬೀದಿಯಲ್ಲಿ ಮಲಗುವವರ ಕಾಗದ ಮಳೆಗೆ ನೆನೆಯುತ್ತದೆ.